ಮಂಗಳೂರಿನ ಒಂದು ಮೈಕ್ರೋಬ್ರೂವರಿ: ಕಾಸರಗೋಡಿನವರ ನಾಲಗೆಗೆ ಕಂಡಂತೆ

ಕಾಸರಗೋಡಿನಿಂದ ಕೆಲವು ಗೆಳೆಯರು ಕೂಡಿ ಮಂಗಳೂರಿನ ಮೈಕ್ರೋಬ್ರೂವರಿಯೊಂದಕ್ಕೆ (ಸಣ್ಣ ಪ್ರಮಾಣದಲ್ಲಿ ಬಿಯರ್ ತಯಾರಿಸಿ ಅಲ್ಲೇ ಬಡಿಸುವ ಜಾಗಕ್ಕೆ) ಹೋಗಿ, ಅಲ್ಲಿ ತಯಾರಾಗುವ ಬಿಯರನ್ನೂ ತಯಾರಿಸುವ ಕ್ರಮವನ್ನೂ ನೋಡಿಬಂದ ಬಗೆಗಿನ ವಿಮರ್ಶೆ ಇದು. ಮೆಚ್ಚುಗೆಯ ಜೊತೆಗೆ ಆಕ್ಷೇಪಗಳೂ ಇವೆ. ಒಂದೇ ಭೇಟಿಯ ಬಲದಿಂದ ಒಂದು ಉದ್ಯಮದ ಹೆಸರನ್ನು ಎಳೆದು ತರುವುದು ನ್ಯಾಯವಲ್ಲವಾದ್ದರಿಂದ ಸ್ಥಳದ ಹೆಸರನ್ನು ಬಿಟ್ಟಿದ್ದೇನೆ. ಇಲ್ಲಿ ಹೇಳಿರುವ ಗುಣದೋಷಗಳನ್ನು ಯಾವ ಮೈಕ್ರೋಬ್ರೂವರಿಯಲ್ಲಾದರೂ ಕುಳಿತು ಪರೀಕ್ಷಿಸಿಕೊಳ್ಳಬಹುದು.

ಗಡಿ ದಾಟಿ ಹೋಗುವುದಕ್ಕೆ ಕಾರಣವಿದೆ. ಬೆಂಗಳೂರಿನಲ್ಲಿ 2010ರ ದಶಕದ ಆರಂಭದಲ್ಲಿ ಕಾಣಿಸಿಕೊಂಡ ಈ ಬಗೆಯ ಘಟಕಗಳು ಆಮೇಲೆ ಮಂಗಳೂರಿಗೂ ಬಂದವು. ನಮ್ಮ ಜಿಲ್ಲೆಯಲ್ಲಿ ಅಂಥದ್ದಿಲ್ಲ. ಮನೆಯಲ್ಲಿ ಮಾಡಿಕೊಳ್ಳೋಣವೆಂದರೆ ಕೇರಳದ ಅಬ್ಕಾರಿ ಕಾನೂನು ಬಿಡುವುದಿಲ್ಲ. ನಮ್ಮಲ್ಲೊಬ್ಬರು ಹಲವು ವರ್ಷ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾಗ ಅಲ್ಲಿನ ಸ್ನೇಹಿತರ ಜೊತೆ ಗ್ಯಾರೇಜಿನಲ್ಲಿ ಬಿಯರ್ ತಯಾರಿಸುತ್ತಿದ್ದರು. ಮನೆಬಳಕೆಯ ಬಿಯರಿಗೆ ಅಲ್ಲಿ 1963ರಿಂದ ಪರವಾನಗಿ ಬೇಕಾಗಿಲ್ಲ. ಊರಿಗೆ ಮರಳಿದ ಮೇಲೆ ಆ ಹವ್ಯಾಸ ನಿಂತರೂ ಅದರ ಜ್ಞಾನ ಉಳಿದಿದೆ, ಮತ್ತು ಈ ಭೇಟಿಯಲ್ಲಿ ಯಾವ ಪ್ರಶ್ನೆ ಕೇಳಬೇಕೆಂಬುದು ನಮಗೆ ತಿಳಿದದ್ದು ಅವರಿಂದಲೇ.

ಉಳಿದವರ ಅರ್ಹತೆ ಏನೆಂದು ಕೇಳಿದರೆ, ನಾವು ಕಳ್ಳಿನ ಊರಿನವರು. ಬೆಳಗ್ಗೆ ಮೂರ್ತೆದಾರ ತೆಂಗಿನ ಮರದಿಂದ ಇಳಿಸಿದ ಕಳ್ಳು ಹೇಗಿರುತ್ತದೆ, ಅದೇ ಕಳ್ಳು ಸಂಜೆಗೆ ಹೇಗೆ ಹುಳಿಯೇರಿ ಗಡುಸಾಗುತ್ತದೆ, ಮರುದಿನ ಹೇಗೆ ಮೀನುಸಾರಿಗೆ ಹಾಕುವ ವಿನೆಗರಿನ ಕಡೆಗೆ ತಿರುಗುತ್ತದೆ ಎಂಬುದನ್ನು ಇಲ್ಲಿ ಯಾರಿಗೂ ಕಲಿಸಬೇಕಾಗಿಲ್ಲ. ಗಾಳಿಯಲ್ಲಿಯೂ ಮಡಕೆಯಲ್ಲಿಯೂ ಇರುವ ಯೀಸ್ಟು ಮತ್ತು ಬ್ಯಾಕ್ಟೀರಿಯಾ ಮಾಡುವ ಕೆಲಸ ಅದು. ಅದನ್ನು ತಡೆಯುವುದಕ್ಕೆಂದೇ ನಮ್ಮ ಕಾಸರಗೋಡಿನ ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ ತೆಂಗಿನ ಹೊಂಬಾಳೆಯ ರಸವನ್ನು ಮರದ ಮೇಲೆಯೇ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಳಿಸಿಕೊಳ್ಳುವ ವಿಧಾನವನ್ನು ರೂಪಿಸಿ, ಹುದುಗದ ಆ ರಸಕ್ಕೆ ಕಲ್ಪರಸ ಎಂದು ಹೆಸರಿಟ್ಟಿದೆ. ಪೇಯವೊಂದನ್ನು ತಾಜಾತನದಿಂದ ಮತ್ತು ತಣ್ಣಗಿಡುವ ಶಿಸ್ತಿನಿಂದ ಅಳೆಯುವುದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಮೈಕ್ರೋಬ್ರೂವರಿಯನ್ನೂ ಹಾಗೆಯೇ ಅಳೆದೆವು. ಗೋಡೆಯ ಮೇಲಿನ ಚಿತ್ರಗಳು, ತೂಗುದೀಪಗಳು, ಕಿವಿಗಡಚಿಕ್ಕುವ ಸಂಗೀತ ಇವು ಲೆಕ್ಕಕ್ಕೆ ಬರಲಿಲ್ಲ, ಸಂಗೀತದ ಸದ್ದನ್ನು ಇಳಿಸಿದರೆ ಒಳ್ಳೆಯದು ಎಂಬುದೊಂದನ್ನು ಬಿಟ್ಟು.

ಮೊದಲೇ ಫೋನು ಮಾಡಿ, ಜನಜಂಗುಳಿಯಿಲ್ಲದ ಮಧ್ಯಾಹ್ನ ಬರುತ್ತೇವೆಂದು ತಿಳಿಸಿದ್ದರಿಂದ ಅಲ್ಲಿನ ಬ್ರೂವರ್, ಎಂದರೆ ಬಿಯರ್ ತಯಾರಿಸುವವರು, ಗಾಜಿನ ಗೋಡೆಯ ಒಳಗೆ ಕರೆದೊಯ್ದು ಎಲ್ಲವನ್ನೂ ತಾಳ್ಮೆಯಿಂದ ತೋರಿಸಿದರು. ಮಾಲ್ಟ್ ಎಂದರೆ ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ ಬಾರ್ಲಿ. ಅದನ್ನು ಒಡೆದು ಸುಮಾರು 65ರಿಂದ 67 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರಿನಲ್ಲಿ ಒಂದು ಗಂಟೆಯಷ್ಟು ಹೊತ್ತು ಇಟ್ಟರೆ ಕಾಳಿನೊಳಗಿನ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ಬಿಸಿ ನಾಲ್ಕೈದು ಡಿಗ್ರಿ ಹೆಚ್ಚಾದರೆ ಯೀಸ್ಟು ಅರಗಿಸಿಕೊಳ್ಳಲಾರದ ಸಕ್ಕರೆಗಳು ಉಳಿದು ಬಿಯರ್ ಮಂದವಾಗುತ್ತದೆ. ಕಡಿಮೆಯಾದರೆ ಬಾಯಲ್ಲಿ ನಿಲ್ಲದಷ್ಟು ತೆಳ್ಳಗಾಗುತ್ತದೆ. ಹೀಗೆ ಸಿಕ್ಕ ಸಿಹಿನೀರನ್ನು ಸೋಸಿ, ಕಹಿಗೂ ಪರಿಮಳಕ್ಕೂ ಬಳಸುವ ಹಾಪ್ಸ್ ಹೂವು ಹಾಕಿ ಒಂದು ಗಂಟೆಗೂ ಮಿಕ್ಕಿ ಕುದಿಸಿ, ಬೇಗನೆ ತಣಿಸಿ, ಯೀಸ್ಟು ಬೆರೆಸುತ್ತಾರೆ. ಇಂಗ್ಲೆಂಡಿನ ಚಳಿಯಲ್ಲಿ ಯೀಸ್ಟು ಮಲಗಿಬಿಡದಂತೆ ಪೀಪಾಯಿಗೆ ಕಂಬಳಿ ಸುತ್ತುತ್ತಿದ್ದೆವು ಎಂದು ನಮ್ಮ ಗೆಳೆಯರು ನೆನಪಿಸಿಕೊಂಡಾಗ ಬ್ರೂವರ್ ನಕ್ಕು, ಕರಾವಳಿಯ ಸಂಕಟ ಅದರ ತದ್ವಿರುದ್ಧ ಎಂದರು. ಇಲ್ಲಿನ 30 ಡಿಗ್ರಿಯ ಸೆಕೆಯಲ್ಲಿ ಹುದುಗಲು ಬಿಟ್ಟರೆ ಯೀಸ್ಟು ಕೆರಳಿ ಥಿನ್ನರಿನಂಥ ಘಾಟು ಹುಟ್ಟುತ್ತದೆ. ಆದ್ದರಿಂದ ಪ್ರತಿ ಟ್ಯಾಂಕಿಗೂ ತಣ್ಣನೆಯ ದ್ರವ ಹರಿಯುವ ಹೊರಕವಚವಿದೆ, ಕರೆಂಟು ಹೋದರೆ ಮೊದಲು ಅದಕ್ಕೇ ಜನರೇಟರ್.

ಒಳಗಿನ ನೆಲ ಒದ್ದೆಯಾಗಿತ್ತು, ಆದರೆ ಎಲ್ಲಿಯೂ ಹುಳಿವಾಸನೆ ಇರಲಿಲ್ಲ. ನಲ್ಲಿಗೆ ಬಿಯರ್ ತರುವ ಕೊಳವೆಗಳನ್ನು ಕೊನೆಯ ಬಾರಿ ತೊಳೆದದ್ದು ಯಾವಾಗ ಎಂದು ಕೇಳಿದಾಗ ಅವರು ಗೋಡೆಗೆ ನೇತುಹಾಕಿದ್ದ ಪುಸ್ತಕ ತೆಗೆದು ತಾರೀಖು ತೋರಿಸಿದರು. ಎರಡು ವಾರಕ್ಕೊಮ್ಮೆ ತೊಳೆಯುವುದು ಈ ವೃತ್ತಿಯ ವಾಡಿಕೆ. ಎಷ್ಟು ಒಳ್ಳೆಯ ಬಿಯರನ್ನಾದರೂ ಕೊಳಕು ಕೊಳವೆ ಕೆಡಿಸಬಲ್ಲದು. ಈ ಜಾಗದ ಮೇಲೆ ನನಗೆ ವಿಶ್ವಾಸ ಹುಟ್ಟಿದ್ದು ಆ ಪುಸ್ತಕವನ್ನು ನೋಡಿ.

ಗೋಧಿ ಬಿಯರ್ ಇಲ್ಲಿನ ಹೆಮ್ಮೆ, ಮತ್ತು ಅದು ಹೆಮ್ಮೆಗೆ ತಕ್ಕಂತಿದೆ. ಜರ್ಮನಿಯ ಕ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಗೋಧಿ ಮಾಲ್ಟ್ ಹಾಕಿ ಮಾಡಿದ, ಸೋಸದೆ ಬಡಿಸುವ, ಮಸುಕು ಹೊಂಬಣ್ಣದ ಪೇಯ. ಮೂಗಿಗೆ ಮಾಗಿದ ಬಾಳೆಹಣ್ಣು, ಅದರ ಹಿಂದೆಯೇ ಲವಂಗ. ನಮ್ಮ ಗುಂಪಿನ ಹಿರಿಯರೊಬ್ಬರು ‘ಇದಕ್ಕೆ ಬಾಳೆಹಣ್ಣು ಎಂತಕ್ಕೆ ಹಾಕಿದ್ದು ಮಾರಾಯ್ರೆ?’ ಎಂದು ಕೇಳಿಯೇಬಿಟ್ಟರು. ಹಣ್ಣೂ ಇಲ್ಲ, ಲವಂಗವೂ ಇಲ್ಲ; ಎರಡೂ ಆ ಜಾತಿಯ ಯೀಸ್ಟೇ ಹುಟ್ಟಿಸುವ ಪರಿಮಳಗಳು, ಮತ್ತು ಬಾಳೆಹಣ್ಣಿನ ಪರಿಮಳಕ್ಕೆ ಕಾರಣವಾದ ರಾಸಾಯನಿಕ ನಿಜವಾದ ಬಾಳೆಹಣ್ಣಿನಲ್ಲಿಯೂ ಇದೆ. ಈ ಪರಿಮಳ ವಾರಗಳು ಕಳೆದಂತೆ ಮಾಸುತ್ತದೆ. ದೂರದ ಊರಿನಿಂದ ಬಿಸಿಲಿನಲ್ಲಿ ಲಾರಿಯೇರಿ ಬರುವ ಬಾಟಲಿಯಲ್ಲಿ ಇದನ್ನು ಇಷ್ಟು ನಿಚ್ಚಳವಾಗಿ ಪಡೆಯುವುದು ಕಷ್ಟ. ಬೆಳಗ್ಗಿನ ಕಳ್ಳನ್ನು ಮರದ ಬುಡದಲ್ಲೇ ಕುಡಿದವರಿಗೆ ಈ ವ್ಯತ್ಯಾಸವನ್ನು ವಿವರಿಸುವ ಅಗತ್ಯ ಬೀಳುವುದಿಲ್ಲ.

ತಣ್ಣಗೆ, ನಿಧಾನವಾಗಿ ಹುದುಗಿಸುವ ಲಾಗರ್ ಬಿಯರಿನ ವಿಷಯದಲ್ಲಿ ಇದೇ ಮಾತು ಹೇಳಲಾರೆ. ಮೊದಲ ಗುಟುಕಿಗೇ ಬೆಣ್ಣೆಯ ವಾಸನೆ ಬಂತು, ಸಿನಿಮಾ ಮಂದಿರದ ಪಾಪ್‌ಕಾರ್ನಿನ ಬೆಣ್ಣೆ. ಯೀಸ್ಟು ಹುದುಗಿಸುವಾಗ ಹುಟ್ಟುವ ಡಯಾಸಿಟೈಲ್ ಎಂಬ ವಸ್ತುವಿನ ಗುರುತು ಅದು. ಅವಕಾಶ ಕೊಟ್ಟರೆ ಯೀಸ್ಟೇ ಅದನ್ನು ಮತ್ತೆ ಹೀರಿಕೊಳ್ಳುತ್ತದೆ. ಹುದುಗುವಿಕೆಯ ಕೊನೆಯಲ್ಲಿ ಟ್ಯಾಂಕನ್ನು ಎರಡು ಮೂರು ದಿನ ತುಸು ಬೆಚ್ಚಗಿಟ್ಟು, ಆಮೇಲೆ ಹಲವು ವಾರ ತಣ್ಣಗೆ ಮಾಗಿಸಬೇಕು. ಇಲ್ಲಿ ಅವಸರ ನಡೆದಿದೆ, ಮತ್ತು ಅವಸರಕ್ಕೆ ಕಾರಣ ಬಹುಶಃ ಹಣಕಾಸಿನದು. ಬೆಚ್ಚಗೆ, ಬೇಗ ಹುದುಗುವ ಏಲ್ ಬಗೆಯ ಬಿಯರ್ ಅಥವಾ ಗೋಧಿ ಬಿಯರ್ ಎರಡು ಮೂರು ವಾರಕ್ಕೆ ಟ್ಯಾಂಕನ್ನು ಬಿಟ್ಟುಕೊಡುತ್ತದೆ. ಲಾಗರ್ ಒಂದೂವರೆ ತಿಂಗಳು ಅಲ್ಲೇ ಕುಳಿತಿರುತ್ತದೆ. ಬೆರಳೆಣಿಕೆಯ ಟ್ಯಾಂಕುಗಳಿರುವ ಜಾಗದಲ್ಲಿ, ವಾರಾಂತ್ಯದ ಗಿರಾಕಿಗಳು ಬಾಟಲಿಯಲ್ಲಿ ರೂಢಿಯಾದ ಲಾಗರನ್ನೇ ಕೇಳುವಾಗ, ಅದನ್ನು ಬೇಗ ಹೊರಗೆ ತರುವ ಒತ್ತಡ ಸಹಜ. ಸಹಜವೆಂದು ಒಪ್ಪಿದ ಮಾತ್ರಕ್ಕೆ ಬೆಣ್ಣೆಯನ್ನು ಒಪ್ಪಬೇಕಾಗಿಲ್ಲ. ಸರಿಯಾಗಿ ಮಾಗಿಸಲು ಟ್ಯಾಂಕು ಸಾಲದಿದ್ದರೆ ಪಟ್ಟಿಯಿಂದ ಲಾಗರನ್ನು ತೆಗೆದುಹಾಕುವುದೇ ಮರ್ಯಾದೆ. ಬ್ರೂವರ್ ಈ ಆಕ್ಷೇಪವನ್ನು ಅಲ್ಲಗಳೆಯಲಿಲ್ಲ.

ಸ್ಟೌಟ್ ಎಂಬ ಕಪ್ಪು ಬಿಯರ್ ಚೆನ್ನಾಗಿತ್ತು: ಹುರಿದ ಬಾರ್ಲಿಯ ಕಾಫಿಯಂಥ ಕಹಿ, ಕೊನೆಯಲ್ಲಿ ತುಸು ಸಿಹಿ. ಮಾವಿನ ಬಿಯರ್ ಬೇಡ. ಅದರಲ್ಲಿ ಮಾವಿಗಿಂತ ಸಿರಪ್ಪೇ ಹೆಚ್ಚು.

ಇನ್ನೊಂದು ದೂರು ಬಡಿಸುವ ಕ್ರಮದ ಮೇಲೆ. ಮಂಜು ಹಿಡಿದ ಗ್ಲಾಸಿನಲ್ಲಿ ಕೊಡುವುದನ್ನು ಅವರು ಉಪಚಾರವೆಂದು ತಿಳಿದಿದ್ದಾರೆ. ಮಂಗಳೂರಿನ ಸೆಕೆಗೆ ಅದು ಹಿತವೇ, ಆದರೆ ಅಷ್ಟು ತಣ್ಣಗಾದರೆ ನಾಲಗೆ ಮರಗಟ್ಟಿ, ಅಷ್ಟು ಕಷ್ಟಪಟ್ಟು ಹುಟ್ಟಿಸಿದ ಪರಿಮಳ ಮೂಗಿಗೆ ತಲುಪುವುದೇ ಇಲ್ಲ. ಸಾಧಾರಣ ಗ್ಲಾಸು ಕೊಡಿ ಎಂದು ಕೇಳಿದರೆ ಮರುಮಾತಿಲ್ಲದೆ ಕೊಡುತ್ತಾರೆ, ಕೇಳಿ. ಎಲ್ಲ ಬಗೆಗಳನ್ನೂ ಸಣ್ಣ ಲೋಟಗಳಲ್ಲಿ ಒಟ್ಟಿಗೆ ತರಿಸಿಕೊಂಡು, ಆಮೇಲೆ ಬೇಕಾದ್ದನ್ನು ಆರಿಸಿಕೊಳ್ಳುವ ವ್ಯವಸ್ಥೆ ಇದೆ, ಅದು ಗುಂಪಾಗಿ ಹೋದವರಿಗೆ ಅನುಕೂಲ.

ಅಡುಗೆ ಕರಾವಳಿಯದು, ಮತ್ತು ಯಾವ ಸಂಕೋಚವೂ ಇಲ್ಲದ ಖಾರದ್ದು. ಚಿಕನ್ ಘೀ ರೋಸ್ಟಿಗೆ ನೀರುದೋಸೆಯೂ ಗೋಧಿ ಬಿಯರೂ ಹೇಳಿಮಾಡಿಸಿದ ಜೊತೆ: ಬ್ಯಾಡಗಿ ಮೆಣಸಿನ ಉರಿಯನ್ನು ಗೋಧಿಯ ಮೃದುತ್ವ ತಣಿಸುತ್ತದೆ, ತುಪ್ಪದ ಜಿಡ್ಡನ್ನು ನೊರೆ ತೊಳೆಯುತ್ತದೆ. ಬಂಗುಡೆ ಪುಳಿಮುಂಚಿಯ ಜೊತೆ ಹಾಪ್ಸಿನ ಕಹಿ ಜಾಸ್ತಿಯಿರುವ ಐಪಿಎ (ಇಂಡಿಯಾ ಪೇಲ್ ಏಲ್) ಬಿಯರ್ ತರಿಸಿಕೊಳ್ಳಬೇಡಿ, ಕಹಿ ಖಾರವನ್ನು ಇನ್ನಷ್ಟು ಕೆರಳಿಸುತ್ತದೆ. ಸ್ಟೌಟಿಗೆ ಹುರಿದ ಒಣ ಸಿಗಡಿ ಒಪ್ಪುತ್ತದೆ. ಸಸ್ಯಾಹಾರಿಗಳಿಗೆ ಗೋಬಿ, ಪನ್ನೀರು ಬಿಟ್ಟರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ನಮ್ಮ ಜೊತೆಗಿದ್ದ ಹವ್ಯಕ ಗೆಳೆಯರು ಕಡಲೆಬೀಜದ ಮಸಾಲೆಯಲ್ಲಿಯೇ ತೃಪ್ತಿಪಟ್ಟರು. ಮಂಗಳೂರಿನಂಥ ಊರಿನಲ್ಲಿ ಒಂದು ಗೋಳಿಬಜೆಯನ್ನಾದರೂ ಇಡಬಾರದೇ?

ಹೋಗುವವರು ರೈಲಿನಲ್ಲಿ ಹೋಗಿ. ಕಾಸರಗೋಡಿನಿಂದ ಮಂಗಳೂರು ಸೆಂಟ್ರಲ್ ಐವತ್ತು ಕಿಲೋಮೀಟರಿನ ಒಳಗೇ ಇದೆ, ಕುಡಿದು ಹೆದ್ದಾರಿಯಲ್ಲಿ ಕಾರು ಓಡಿಸುವ ಪ್ರಮೇಯ ಬರುವುದಿಲ್ಲ. ಶನಿವಾರ, ಭಾನುವಾರಗಳ ಸಂಜೆ ಬ್ರೂವರ್ ಮಾತಿಗೆ ಸಿಗುವುದಿಲ್ಲ, ವಾರದ ನಡುವಿನ ಮಧ್ಯಾಹ್ನವೇ ಲೇಸು. ಮನೆಯವರಿಗೂ ರುಚಿ ತೋರಿಸೋಣವೆಂದು ಬಾಟಲಿಯಲ್ಲಿ ತುಂಬಿಸಿಕೊಂಡು ಬರುವ ಆಸೆಯನ್ನು ಮಾತ್ರ ಬಿಡಬೇಕು: ಗಡಿಯ ತಲಪಾಡಿಯ ಈಚೆ ಕರ್ನಾಟಕದ ಮದ್ಯ ತರುವುದು ಅಪರಾಧ, ಮಂಜೇಶ್ವರದ ಕಡೆಯ ಅಬ್ಕಾರಿ ಚೆಕ್‌ಪೋಸ್ಟಿನವರು ತಾಜಾತನದ ವಾದವನ್ನು ಕೇಳುವವರಲ್ಲ.