ಹೈಬ್ರಿಡ್ ಕಾರಿಗೆ ಪ್ಲಗ್: ಕೆಲವು ವರ್ಷ ಓಡಿಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಪ್ಲಗ್-ಇನ್ ಕಿಟ್, ಅಂದರೆ ಗೋಡೆಯ ಪ್ಲಗ್‌ನಿಂದ ಚಾರ್ಜ್ ಮಾಡುವ ಹೆಚ್ಚುವರಿ ಬ್ಯಾಟರಿ, ಹಾಕಿದ ಮಾತ್ರಕ್ಕೆ ಹೈಬ್ರಿಡ್ ಕಾರು (ಪೆಟ್ರೋಲ್ ಎಂಜಿನ್ ಜತೆ ಎಲೆಕ್ಟ್ರಿಕ್ ಮೋಟಾರೂ ಇರುವ ಕಾರು) ಎಲೆಕ್ಟ್ರಿಕ್ ಕಾರಾಗುವುದಿಲ್ಲ. ಪೆಟ್ರೋಲ್ ಕಡಿಮೆ ಕುಡಿಯುವ ಹೈಬ್ರಿಡ್ ಆಗುತ್ತದೆ, ಅಷ್ಟೇ. ಎಷ್ಟು ಕಡಿಮೆ ಅನ್ನುವುದು ನೀವು ದಿನಾ ಓಡಾಡುವ ದಾರಿಯ ಮೇಲೆ ನಿಂತಿದೆ.

ನನ್ನದು ಎರಡನೇ ತಲೆಮಾರಿನ ಟೊಯೊಟಾ ಪ್ರಿಯಸ್, ಅಂದರೆ 2004ರಿಂದ 2009ರವರೆಗೆ ಬಂದ ಮಾದರಿ. ಮನೆಯಲ್ಲೇ ಕೂತು ಇಂಥ ಕಿಟ್ ಜೋಡಿಸುವವರಿಗೆ ಈ ಕಾರು ಮೊದಲಿನಿಂದಲೂ ಅಚ್ಚುಮೆಚ್ಚು. ಕ್ಯಾಲಿಫೋರ್ನಿಯಾದ ಕ್ಯಾಲ್‌ಕಾರ್ಸ್ ಗುಂಪು 2004ರಲ್ಲೇ ಒಂದು ಪ್ರಿಯಸ್‌ಗೆ ಲೆಡ್-ಆಸಿಡ್ ಬ್ಯಾಟರಿ ತುಂಬಿ ಗೋಡೆಯ ಪ್ಲಗ್‌ನಿಂದ ಚಾರ್ಜ್ ಮಾಡಿ ತೋರಿಸಿತ್ತು. ಕಾರಿನೊಳಗಿನ ಮೂಲ ಬ್ಯಾಟರಿ ಬಹಳ ಸಣ್ಣದು. ಸುಮಾರು 1.3 ಯೂನಿಟ್ ಹಿಡಿಯುತ್ತದೆ. ಅದನ್ನೂ ಕಾರು ಪೂರ್ತಿ ಬಳಸುವುದಿಲ್ಲ, ಹೆಚ್ಚುಕಮ್ಮಿ 40ರಿಂದ 80 ಶೇಕಡಾ ಒಳಗೇ ಆಡಿಸುತ್ತದೆ. ಹಾಗಾಗಿ ಬರೀ ಬ್ಯಾಟರಿಯಲ್ಲಿ ಎರಡು ಮೂರು ಕಿಲೋಮೀಟರ್ ಹೋದರೆ ಹೆಚ್ಚು.

ನಾನು ಹಾಕಿರುವುದು ಮೂಲ ಬ್ಯಾಟರಿಯನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಇನ್ನೊಂದನ್ನು ಕೂರಿಸುವ ಬಗೆಯ ಕಿಟ್. ಲಿಥಿಯಂ ಐರನ್ ಫಾಸ್ಫೇಟ್‌ನ 16 ಸೆಲ್‌ಗಳು, ಒಂದೊಂದೂ 80 ಆಂಪಿಯರ್-ಅವರ್. ಸಾಲಾಗಿ ಜೋಡಿಸಿದರೆ 51 ವೋಲ್ಟ್, ಒಟ್ಟು ನಾಲ್ಕು ಯೂನಿಟ್ ಚಿಲ್ಲರೆ. ಒಂದು ಕನ್ವರ್ಟರ್ ಈ ವೋಲ್ಟೇಜನ್ನು ಏರಿಸಿ, ಸುಮಾರು 200 ವೋಲ್ಟಿನ ಮೂಲ ಬ್ಯಾಟರಿಯ ಸಾಲಿಗೆ ಕರೆಂಟ್ ತಳ್ಳುತ್ತದೆ. ಕಾರಿನ ಕಂಪ್ಯೂಟರ್ "ಅರೆ, ನನ್ನ ಬ್ಯಾಟರಿ ಯಾವಾಗಲೂ ತುಂಬೇ ಇದೆಯಲ್ಲ" ಅಂದುಕೊಂಡು ಎಂಜಿನ್ ಆರಿಸಿ ಮೋಟಾರಿನಲ್ಲಿ ಜಾಸ್ತಿ ಓಡುತ್ತದೆ. ಉಪಾಯ ಇಷ್ಟೇ.

ಇದೆಲ್ಲ ಡಿಕ್ಕಿಯಲ್ಲಿ, ಸ್ಟೆಪ್ನಿ ಇದ್ದ ಗುಂಡಿಯಲ್ಲಿ ಕೂತಿದೆ. ಸ್ಟೆಪ್ನಿ ಹೋಯಿತು, ಅದರ ಬದಲು ಪಂಕ್ಚರ್ ಕಿಟ್ ಇಟ್ಟಿದ್ದೇನೆ. ತೂಕದಲ್ಲಿ ಹಿಂದಿನ ಸೀಟಿನಲ್ಲಿ ಒಬ್ಬ ದಪ್ಪನೆಯ ನೆಂಟ ಇಳಿಯದೇ ಕೂತುಬಿಟ್ಟ ಹಾಗೆ. ಸ್ಪ್ರಿಂಗ್ ಸ್ವಲ್ಪ ತಗ್ಗಿದೆ, ರಸ್ತೆಯ ಗುಂಡಿಗಳಲ್ಲಿ ಗೊತ್ತಾಗುತ್ತದೆ.

ಈಗ ಓಡಿಸುವ ವಿಷಯ. ಎಲ್ಲರೂ ಕೇಳುವ ಪ್ರಶ್ನೆ ಇದೇ: ಎಂಜಿನ್ ಆನ್ ಆಗದೇ ಎಷ್ಟು ದೂರ ಹೋಗಬಹುದು? ಲೆಕ್ಕದಲ್ಲಿ 20 ಕಿಲೋಮೀಟರ್ ಆಸುಪಾಸು. ಬ್ಯಾಟರಿಯ 80 ಶೇಕಡಾ ಮಾತ್ರ ಬಳಸಿ, ಕಿಲೋಮೀಟರಿಗೆ 150 ವಾಟ್-ಅವರ್ (0.15 ಯೂನಿಟ್) ಹಿಡಿದರೆ ಅಷ್ಟೇ ಬರುವುದು. ಆದರೆ ಆ 20 ಕಿಲೋಮೀಟರಿನ ಉದ್ದಕ್ಕೂ ಎಂಜಿನ್ ಸುಮ್ಮನೆ ಇರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಯಾಕೆ ಅಂದರೆ ತೀರ್ಮಾನ ಕಾರಿನದ್ದು, ಕಿಟ್‌ನದ್ದಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಬ್ಯಾಟರಿ ಎಷ್ಟೇ ತುಂಬಿರಲಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗಲಿ ಅಂತ ಎಂಜಿನ್ ಓಡುತ್ತದೆ. ಬರೀ ಕರೆಂಟಿನಲ್ಲಿ ಓಡಿಸುವ ಇವಿ ಬಟನ್ ಇರುವ ಕಾರಾದರೆ ಅದನ್ನು ಒತ್ತಿ ತಡೆಯಬಹುದು, ಆದರೆ ಆ ಬಟನ್ ಸುಮಾರು 55 ಕಿಲೋಮೀಟರ್ ವೇಗದವರೆಗೆ ಮಾತ್ರ ಕೇಳುತ್ತದೆ. ಆಕ್ಸಿಲರೇಟರ್ ಸ್ವಲ್ಪ ಜೋರಾಗಿ ಒತ್ತಿದರೂ ಎಂಜಿನ್ ಎದ್ದುಬಿಡುತ್ತದೆ. ಚಳಿಗೆ ಹೀಟರ್ ಹಾಕಿದರಂತೂ ಮುಗಿಯಿತು, ಒಳಗೆ ಬರುವ ಬಿಸಿ ಎಂಜಿನ್ ನೀರಿನದ್ದೇ ಅಲ್ವಾ. ಏಸಿ ಪರವಾಗಿಲ್ಲ. ಈ ಮಾದರಿಯಲ್ಲಿ ಕಂಪ್ರೆಸರ್ ಕರೆಂಟಿನಲ್ಲೇ ಓಡುತ್ತದೆ.

ಇನ್ನು 67 ಕಿಲೋಮೀಟರ್ ವೇಗ ದಾಟಿದರೆ ಎಂಜಿನ್ ತಿರುಗಲೇಬೇಕು. ಇದು ಸಾಫ್ಟ್‌ವೇರಿನ ಹಟ ಅಲ್ಲ, ಗೇರ್ ಜೋಡಣೆಯ ಕಟ್ಟುಪಾಡು. ಎಂಜಿನ್ ನಿಂತಿದ್ದಾಗ ಕಾರಿನ ವೇಗ ಏರಿದಂತೆ ಅದರ ಎರಡು ಮೋಟಾರುಗಳಲ್ಲಿ ಸಣ್ಣದು ಉಲ್ಟಾ ದಿಕ್ಕಿನಲ್ಲಿ ಜೋರಾಗಿ ತಿರುಗುತ್ತದೆ. ಅದಕ್ಕೆ ಒಂದು ಮಿತಿ ಇದೆ. ಎಂಜಿನ್ ತಿರುಗಿದರೆ ಆ ಮೋಟಾರಿನ ವೇಗ ಇಳಿಯುತ್ತದೆ. ಖುಷಿಯ ವಿಷಯ ಏನೆಂದರೆ, ಬ್ಯಾಟರಿ ತುಂಬಿದ್ದು ಕಾಲು ಹಗುರಾಗಿದ್ದರೆ ಆ ವೇಗದಲ್ಲಿ ಎಂಜಿನ್ ಪೆಟ್ರೋಲ್ ಕುಡಿಯದೇ ಬರೀ ತಿರುಗುತ್ತಿರುತ್ತದೆ. ಹೈವೇಯಲ್ಲಿ ಉಳಿತಾಯ ಆಗುವುದು ಇಂಥ ತುಣುಕುಗಳಲ್ಲೇ.

ಕಿಟ್‌ನ ಕನ್ವರ್ಟರ್ ಶಕ್ತಿಯೂ ಒಂದು ಮಿತಿ. ನನ್ನದು ಸುಮಾರು ನಾಲ್ಕು ಕಿಲೋವಾಟ್ ಕೊಡುತ್ತದೆ. ಸಮತಟ್ಟು ರಸ್ತೆಯಲ್ಲಿ ಹದವಾದ ವೇಗದಲ್ಲಿ ಹೋಗಲೂ ಕಾರಿಗೆ ಅದಕ್ಕಿಂತ ಜಾಸ್ತಿ ಬೇಕು. ಬಾಕಿಯನ್ನು ಮೂಲ ಬ್ಯಾಟರಿ ಕೊಡುತ್ತದೆ, ಸಿಗ್ನಲ್‌ನಲ್ಲಿ ನಿಂತಾಗ ಕಿಟ್ ಅದನ್ನು ಮತ್ತೆ ತುಂಬುತ್ತದೆ. ಆದ್ದರಿಂದಲೇ ನಿಂತು ನಿಂತು ಸಾಗುವ ಟ್ರಾಫಿಕ್‌ನಲ್ಲಿ ಈ ಕಿಟ್ ಚೆನ್ನ. ಉದ್ದಕ್ಕೆ ಎಳೆಯುವ ಖಾಲಿ ರಸ್ತೆಯಲ್ಲಿ ಸಪ್ಪೆ.

ವಿಚಿತ್ರ ಅನಿಸಿದ್ದು ಇನ್ನೊಂದು. ಮೂಲ ಬ್ಯಾಟರಿ ತೀರಾ ತುಂಬಿದಾಗ ಬ್ರೇಕ್ ಹಾಕಿದರೆ ಬರುವ ಕರೆಂಟಿಗೆ ಜಾಗವೇ ಇರುವುದಿಲ್ಲ. ಇಳಿಜಾರಿನಲ್ಲಿ ಕಾರು ಅದನ್ನು ಕಳೆಯಲು ಎಂಜಿನ್ನನ್ನು ಸುಮ್ನೆ ಗಿರಗಿರ ತಿರುಗಿಸುತ್ತದೆ. ಮೊದಲ ಸಲ ಆ ಸದ್ದು ಕೇಳಿದವರು ಏನೋ ಕೆಟ್ಟಿತು ಅಂದುಕೊಳ್ಳುತ್ತಾರೆ. ಮನೆಯಿಂದ ಹೊರಟ ಕೂಡಲೇ ಇಳಿಜಾರು ಇದ್ದರೆ ಕಿಟ್‌ನ ಸ್ವಿಚ್ ಆಫ್ ಮಾಡಿ ಇಳಿದು ಆಮೇಲೆ ಹಾಕುವುದು ವಾಸಿ.

ಮೈಲೇಜ್? ಸಣ್ಣ ಓಡಾಟದ ದಿನಗಳಲ್ಲಿ ಪೆಟ್ರೋಲ್ ಖರ್ಚು ಕಣ್ಣಿಗೆ ಕಾಣುವಷ್ಟು ಇಳಿಯಿತು. ದೂರದ ಊರಿಗೆ ಹೋದರೆ ಮೊದಲ ಅರ್ಧ ಗಂಟೆ ಚಂದ, ಆಮೇಲೆ ಅದೇ ಹಳೇ ಪ್ರಿಯಸ್, ಮೇಲಿಂದ ಹೆಚ್ಚಿನ ತೂಕ. ಕಿಟ್‌ಗೆ ಹಾಕಿದ ದುಡ್ಡು ಪೆಟ್ರೋಲಿನಲ್ಲಿ ಪೂರ್ತಿ ವಾಪಸ್ ಬರುತ್ತದೆ ಅಂತ ಲೆಕ್ಕ ಹಾಕಿ ಇದಕ್ಕೆ ಕೈ ಹಾಕಬೇಡಿ.

ರಿಪೇರಿ ವಿಷಯಕ್ಕೆ ಬಂದರೆ ನನ್ನ ದೂರು ಶುರು. ಕನ್ವರ್ಟರ್ ಒಮ್ಮೆ ಸುಟ್ಟುಹೋಯಿತು. ಮಾರಿದವರಿಗೆ ಬರೆದೆ, ಒಂದಷ್ಟು ಕಾಲ ಉತ್ತರ ಬಂತು, ಆಮೇಲೆ ಬರಲಿಲ್ಲ. ಬಿಡಿಭಾಗವೂ ಸಿಗಲಿಲ್ಲ. ಕಡೆಗೆ ಪವರ್ ಎಲೆಕ್ಟ್ರಾನಿಕ್ಸ್ ಗೊತ್ತಿರುವ ಗೆಳೆಯ ಒಳಗಿನ ಟ್ರಾನ್ಸಿಸ್ಟರ್‌ಗಳನ್ನು ಬದಲಿಸಿ ಜೀವ ಕೊಟ್ಟ. ಶೋರೂಮಿನವರು ಡಿಕ್ಕಿ ತೆರೆದು ನೋಡಿ ಕೈಮುಗಿದರು, ಅವರನ್ನು ದೂರುವ ಹಾಗೂ ಇಲ್ಲ. ಇಂಥ ಕಿಟ್ ಹಾಕಿದ ಮೇಲೆ ನಿಮ್ಮ ಸರ್ವಿಸ್ ಸೆಂಟರ್ ನೀವೇ.

ಜೋರು ಮಳೆಯಲ್ಲಿ ಒಮ್ಮೆ ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ಕೆಂಪು ತ್ರಿಕೋನ ಉರಿಯಿತು. ಸ್ಕ್ಯಾನರ್ ಹಾಕಿದರೆ ಪಿ0ಎಎ6 ಕೋಡ್, ಅಂದರೆ ಹೈ ವೋಲ್ಟೇಜ್ ಸಾಲು ಎಲ್ಲೋ ಕಾರಿನ ಲೋಹದ ಮೈಗೆ ಸೋರುತ್ತಿದೆ. ಈ ಕಾರಿನಲ್ಲಿ ಆ ಸಾಲಿನ ಪ್ಲಸ್ಸೂ ಮೈನಸ್ಸೂ ಆ ಮೈಗೆ ತಾಗುವ ಹಾಗಿಲ್ಲ. ಕಿಟ್‌ನ ಕನೆಕ್ಟರ್ ಒಂದರೊಳಗೆ ತೇವ ಸೇರಿತ್ತು. ಒಣಗಿಸಿ ಸೀಲ್ ಮಾಡಿದ ಮೇಲೆ ಸರಿಹೋಯಿತು. ಹಣ ಉಳಿಸಲು ಕೈಗೆ ಸಿಕ್ಕ ಕನೆಕ್ಟರ್ ಹಾಕುವ ಜಾಗ ಇದಲ್ಲ.

ಸುರಕ್ಷತೆ ಬಗ್ಗೆ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. 51 ವೋಲ್ಟ್ ಅಂದರೆ ಏನೂ ಅಲ್ಲ ಅನ್ನುವವರಿದ್ದಾರೆ. ಶಾಕ್ ಹೊಡೆಯುವುದು ಕಡಿಮೆ ಇರಬಹುದು, ಆದರೆ ನಾಲ್ಕು ಕಿಲೋವಾಟ್ ಎಳೆದಾಗ ಹರಿಯುವುದು ಸುಮಾರು 80 ಆಂಪಿಯರ್. ಒಂದು ಬೋಲ್ಟ್ ಸಡಿಲವಾಗಿ ಆ ಜಾಗದಲ್ಲಿ ಬರೀ 10 ಮಿಲಿಓಮ್ ತಡೆ ಬಂದರೂ 64 ವಾಟ್ ಬಿಸಿ ಅಲ್ಲೇ ಹುಟ್ಟುತ್ತದೆ, ಅದೂ ಮುಚ್ಚಿದ ಪೆಟ್ಟಿಗೆಯೊಳಗೆ. 2008ರಲ್ಲಿ ಅಮೆರಿಕದಲ್ಲಿ ಹೀಗೇ ಪ್ಲಗ್ ಹಾಕಿಸಿಕೊಂಡ ಒಂದು ಪ್ರಿಯಸ್ ರಸ್ತೆಯಲ್ಲೇ ಸುಟ್ಟುಹೋಯಿತು. ತನಿಖೆ ಬೊಟ್ಟು ಮಾಡಿದ್ದು ಸೆಲ್‌ಗಳ ಕಡೆಗಲ್ಲ, ಸರಿಯಾಗಿ ಜೋಡಿಸದ ಬೋಲ್ಟ್ ಸಂಧಿಗಳ ಕಡೆಗೆ. ಹಾಗಾಗಿ ಟಾರ್ಕ್ ರೆಂಚ್ (ಬಿಗಿ ಎಷ್ಟು ಅಂತ ಅಳೆಯುವ ಸ್ಪ್ಯಾನರ್) ಇಲ್ಲದೆ ಸೆಲ್‌ಗಳನ್ನು ಬಿಗಿ ಮಾಡಲೇಬೇಡಿ. ಆಗಾಗ ಬಿಚ್ಚಿ ನೋಡಿ, ಲೋಡ್ ಹಾಕಿ ಉಷ್ಣಮಾಪಕ ಹಿಡಿದು ಯಾವ ಜೋಡಣೆ ಬಿಸಿ ಅಂತ ಹುಡುಕಿ. ಫ್ಯೂಸ್ ಡಿಸಿಗೆ, ಅಂದರೆ ಬ್ಯಾಟರಿ ಕೊಡುವ ಒಂದೇ ದಿಕ್ಕಿನ ಕರೆಂಟಿಗೆ, ಎಂದೇ ಮಾಡಿದ್ದಾಗಿರಬೇಕು, ಬ್ಯಾಟರಿಯ ಪ್ಲಸ್‌ಗೆ ಆದಷ್ಟು ಹತ್ತಿರ ಇರಬೇಕು. ಡಿಸಿ ಕಿಡಿ ಮನೆ ಕರೆಂಟಿನ (ಎಸಿ) ಕಿಡಿಯ ಹಾಗೆ ತಾನಾಗಿ ಆರುವುದಿಲ್ಲ.

ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಮುಟ್ಟುವ ಮುಂಚೆ ಕಾರು ಆಫ್ ಮಾಡಿ, ಕೀ ದೂರ ಇಟ್ಟು, ಮೂಲ ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ಎಳೆಯಿರಿ. ಕಿಟ್‌ನ ಬ್ಯಾಟರಿಯನ್ನೂ ಬೇರೆಯಾಗಿ ಕಳಚಿ. ಮೋಟಾರಿಗೆ ಕರೆಂಟ್ ಕೊಡುವ ಇನ್ವರ್ಟರ್‌ನ ಕೆಪ್ಯಾಸಿಟರ್ ಚಾರ್ಜ್ ಹಿಡಿದಿಟ್ಟಿರುತ್ತದೆ, ಅದು ಖಾಲಿಯಾಗಲು ಕನಿಷ್ಠ ಐದು ನಿಮಿಷ ಬಿಡಿ. ಹೈ ವೋಲ್ಟೇಜ್ ಕೈಗವಸು ಹಾಕಿ, ಮೀಟರಿನಲ್ಲಿ ನೋಡಿ, ಆಮೇಲೆ ಕೈ ಹಾಕಿ. ಇದರಲ್ಲಿ ಒಂದಾದರೂ ಅತಿ ಅನಿಸಿದರೆ ಈ ಕೆಲಸ ನಿಮಗಲ್ಲ.

ಸೆಲ್‌ಗಳ ಬಗ್ಗೆ ದೂರಿಲ್ಲ. 3.65 ವೋಲ್ಟ್ ದಾಟದ ಹಾಗೆ, ತೀರಾ ಖಾಲಿ ಆಗದ ಹಾಗೆ ನೋಡಿಕೊಂಡರೆ ತಣ್ಣಗೆ ಕೆಲಸ ಮಾಡುತ್ತವೆ. ಒಂದು ಸೆಲ್ ಉಳಿದವುಗಳಿಗಿಂತ ಬೇಗ ಕುಸಿಯುತ್ತಿದೆ, ಅದರ ಮೇಲೆ ಕಣ್ಣಿಟ್ಟಿದ್ದೇನೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಇವುಗಳನ್ನು ಚಾರ್ಜ್ ಮಾಡಬಾರದು. ಚಾರ್ಜರ್ ಸುಮಾರು ಒಂದು ಕಿಲೋವಾಟಿನದು, ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆಗೆ ತುಂಬಿರುತ್ತದೆ. ಪ್ಲಗ್ ಇರುವಾಗ ಕಾರು ಹೊರಡದಂತೆ ತಡೆಯುವ ಸ್ವಿಚ್ ಕಿಟ್‌ನಲ್ಲಿ ಇರಲಿಲ್ಲ, ನಾನೇ ಸೇರಿಸಿದೆ. ಎಂಜಿನ್ ಕಡಿಮೆ ಓಡುತ್ತದೆ ಅಂತ ಆಯಿಲ್ ಬದಲಿಸುವುದನ್ನು ಮುಂದೂಡಬೇಡಿ. ಸಣ್ಣ ಸಣ್ಣ ಓಟದಲ್ಲಿ ಆಯಿಲ್ ಬಿಸಿಯಾಗದೆ ನೀರು, ಪೆಟ್ರೋಲ್ ಅದರಲ್ಲೇ ಉಳಿಯುತ್ತವೆ. ವಿಮೆಯವರಿಗೆ ಮತ್ತು ವಾಹನ ನೋಂದಣಿ ಕಚೇರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಿರಿ.

ಈಗ ಹೊಸದಾಗಿ ಮಾಡಿಸುತ್ತೀಯಾ ಅಂದರೆ, ಇಲ್ಲ. 2012ರಲ್ಲಿ ಟೊಯೊಟಾ ತಾನೇ 4.4 ಯೂನಿಟ್ ಬ್ಯಾಟರಿಯ ಪ್ಲಗ್-ಇನ್ ಪ್ರಿಯಸ್ ತಂದಿತು. ಆಮೇಲಿನ ಮಾದರಿಗೆ ಅದರ ಎರಡರಷ್ಟು, 8.8 ಯೂನಿಟ್. ಮೊದಲನೆಯದೇ ಕರೆಂಟಿನಲ್ಲಿ 100 ಕಿಲೋಮೀಟರ್ ವೇಗದ ಹತ್ತಿರ ಹೋಗುತ್ತದೆ, ನನ್ನ ಕಾರಿನ 67ರ ಗೋಡೆ ಅದಕ್ಕಿಲ್ಲ. ಸೆಕೆಂಡ್ ಹ್ಯಾಂಡ್ ಸಿಗುವ ಹಾಗಿದ್ದರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ. ಹಳೇ ಕಾರಿನ ಮೇಲೇ ಮನಸ್ಸಿದ್ದರೆ, ಸ್ಪ್ಯಾನರ್ ಹಿಡಿಯುವುದೂ ಇಷ್ಟವಿದ್ದರೆ, ಕಿಟ್ ಹುಡುಕುವ ಮೊದಲು ಮೂಲ ಬ್ಯಾಟರಿಯ 28 ಮಾಡ್ಯೂಲ್‌ಗಳ (ಸೆಲ್‌ಗಳ ಗುಂಪುಗಳ) ವೋಲ್ಟೇಜನ್ನು ಲೋಡ್ ಹಾಕಿ ಪರೀಕ್ಷಿಸಿ. ಅದು ಸೊರಗಿದ್ದರೆ ಈ ಕಿಟ್ ಅದನ್ನು ಉಳಿಸುವುದಿಲ್ಲ. ಅದರ ಫ್ಯಾನ್ ಗಾಳಿ ಎಳೆಯುವ ಕಿಂಡಿ ಹಿಂದಿನ ಸೀಟಿನ ಪಕ್ಕದಲ್ಲಿದೆ, ಧೂಳು ಕಟ್ಟಿದ್ದರೆ ಅದನ್ನೂ ತೆಗೆದುಬಿಡಿ.