ಪಾರಿ/ಜಿಪಿ: 21 ಅಂಕಿಗಳ ಸಂಖ್ಯೆಯೊಂದನ್ನು ಒಳಹೊಕ್ಕು ನೋಡಲು

ದೊಡ್ಡ ಪೂರ್ಣಾಂಕಗಳ ಗುಣ ಪರೀಕ್ಷಿಸಲು ಯಾವ ತಂತ್ರಾಂಶ ಎಂದು ಯಾರು ಕೇಳಿದರೂ ನಾನು ಹೇಳುವ ಹೆಸರು ಪಾರಿ/ಜಿಪಿ. ಫ್ರಾನ್ಸಿನ ಬೋರ್ಡೊದಲ್ಲಿ ಹುಟ್ಟಿದ ಇದು ಉಚಿತ, ಮುಕ್ತ ತಂತ್ರಾಂಶ.

ನನ್ನ ಒರೆಗಲ್ಲು 147573952589676412927. ಅಂದರೆ 2ರ 67ನೇ ಘಾತದಲ್ಲಿ 1 ಕಳೆದದ್ದು. ಫ್ರೆಂಚ್ ಗಣಿತಜ್ಞ ಮರ್ಸೆನ್ 1644ರಲ್ಲಿ ಇದನ್ನು ಅವಿಭಾಜ್ಯವೆಂದು ಪಟ್ಟಿ ಮಾಡಿದ್ದರು. ಅಲ್ಲ ಎಂದು 1876ರಲ್ಲಿ ಇನ್ನೊಬ್ಬ ಫ್ರೆಂಚ್ ಗಣಿತಜ್ಞ ಲ್ಯೂಕಾ ತೋರಿಸಿದರು, ಆದರೆ ಅಪವರ್ತನ ಮಾತ್ರ ಅವರ ಕೈಗೆ ಸಿಗಲಿಲ್ಲ. ಅದನ್ನು 1903ರಲ್ಲಿ ಜಗತ್ತಿನ ಮುಂದಿಟ್ಟವರು ಅಮೆರಿಕದ ಗಣಿತಜ್ಞ ಫ್ರಾಂಕ್ ನೆಲ್ಸನ್ ಕೋಲ್.

ಈ ತಂತ್ರಾಂಶ ನನಗೆ ಹಿಡಿಸಿರುವುದು ಇಲ್ಲಿಯೇ. 'ಇದು ಅವಿಭಾಜ್ಯವೇ?' ಮತ್ತು 'ಇದನ್ನು ಯಾವುದು ಭಾಗಿಸುತ್ತದೆ?' ಎಂಬುವು ಬೇರೆ ಬೇರೆ ಪ್ರಶ್ನೆಗಳೆಂದು ಅದಕ್ಕೆ ಗೊತ್ತು. 'ಈಸ್‌ಪ್ರೈಮ್' ಆಜ್ಞೆಗೆ 0, ಅಂದರೆ 'ಅಲ್ಲ' ಎಂಬ ಉತ್ತರ ಬರುತ್ತದೆ, ಅಷ್ಟೇ. 'ಫ್ಯಾಕ್ಟರ್' ಎಂದು ಕೇಳಿದರೆ ಕಣ್ಣು ಮಿಟುಕಿಸುವುದರೊಳಗೆ ಎರಡು ಸಾಲು: 193707721, 761838257287. ಮೊದಲನೆಯದರಲ್ಲಿ 1 ಕಳೆದು 134ರಿಂದ ಭಾಗಿಸಿ ನೋಡಿ: 1445580, ಶೇಷವಿಲ್ಲ. ಎರಡನೆಯದಕ್ಕೆ 5685360129, ಅಲ್ಲೂ ಶೇಷವಿಲ್ಲ. 134 ಎಂದರೆ 67ರ ಇಮ್ಮಡಿ. ಘಾತವು ಬೆಸ ಅವಿಭಾಜ್ಯವಾಗಿದ್ದಾಗ ಇಂಥ ಸಂಖ್ಯೆಯ ಪ್ರತಿಯೊಂದು ಅವಿಭಾಜ್ಯ ಅಪವರ್ತನವೂ ಈ ಕಟ್ಟಳೆಗೆ ಬದ್ಧ: 1 ಕಳೆದರೆ ಘಾತದ ಇಮ್ಮಡಿಯಿಂದ ಶೇಷವಿಲ್ಲದೆ ಭಾಗವಾಗಬೇಕು. ಪ್ರಮೇಯವನ್ನು ಪುಸ್ತಕದಲ್ಲಿ ಓದಿದ್ದವನಿಗೂ ಆ ಎರಡು ಭಾಗಾಕಾರ ಶೇಷವಿಲ್ಲದೆ ಮುಗಿದಾಗ ಆಗುವ ಸಂತೋಷವೇ ಬೇರೆ!

ಉಳಿದವೂ ಒಂದೊಂದು ಆಜ್ಞೆಯ ದೂರ. ಭಾಜಕಗಳು ನಾಲ್ಕು. ಅಂಕಿಗಳ ಮೊತ್ತ 109, ಅದೂ ಅವಿಭಾಜ್ಯ. ದ್ವಿಮಾನದಲ್ಲಿ ಬರೆದರೆ ಸಾಲಾಗಿ 67 ಒಂದುಗಳು. ಭಾಜಕಗಳ ಮೊತ್ತ 147573953351708377936.

ಕೊರತೆಗಳೂ ಇವೆ. 'ಫ್ಯಾಕ್ಟರ್' ಕೊಡುವ ಅಪವರ್ತನಗಳು ಅವಿಭಾಜ್ಯವೆಂದು ತಾನಾಗಿ ಸಾಧಿಸಿ ತೋರಿಸುವುದಿಲ್ಲ, ಬಲವಾದ ಪರೀಕ್ಷೆಯೊಂದರಲ್ಲಿ ಪಾಸಾದರೆ ಸಾಕೆನ್ನುತ್ತದೆ. 2ರ 64ನೇ ಘಾತದೊಳಗೆ ಆ ಪರೀಕ್ಷೆ ತಪ್ಪುವುದಿಲ್ಲ, ಹಾಗಾಗಿ ಮೇಲಿನ ಉತ್ತರ ಗಟ್ಟಿ. ಅದರಾಚೆಗೆ ಪೂರ್ಣ ಸಾಧನೆ ಬೇಕಿದ್ದರೆ 'ಫ್ಯಾಕ್ಟರ್ ಪ್ರೂವನ್' ಸೆಟ್ಟಿಂಗನ್ನು ನಾವೇ 1 ಮಾಡಿಕೊಳ್ಳಬೇಕು. ಹೊಸಬರಿಗೆ ಇದನ್ನು ಮೊದಲ ಪುಟದಲ್ಲೇ ಹೇಳಬೇಕಿತ್ತು. ಸಹಾಯದ ಸಾಲುಗಳಂತೂ ಗಣಿತ ಬಲ್ಲವರಿಗೆ ಮಾತ್ರ ಬರೆದಂತಿವೆ. ದೊಡ್ಡ ಲೆಕ್ಕದ ನಡುವೆ ಸ್ಟ್ಯಾಕ್ (ಲೆಕ್ಕಕ್ಕೆ ಮೀಸಲಿಟ್ಟ ಮೆಮೊರಿ) ತುಂಬಿತೆಂದು ನಿಂತುಬಿಟ್ಟರೆ ಅದರ ಅಳತೆಯ ಸೆಟ್ಟಿಂಗ್ 'ಪಾರಿಸೈಜ್' ಹೆಚ್ಚಿಸಿ ಮತ್ತೆ ಶುರು ಮಾಡಬೇಕು.

ಘಾತವನ್ನು 1277ಕ್ಕೆ ಏರಿಸಿದರೆ 385 ಅಂಕಿಗಳ ಸಂಖ್ಯೆ. ಅವಿಭಾಜ್ಯವಲ್ಲ ಎಂಬ ಉತ್ತರ ಆಗಲೂ ತಕ್ಷಣವೇ ಬರುತ್ತದೆ. 'ಫ್ಯಾಕ್ಟರ್' ಮಾತ್ರ ಒತ್ತಬೇಡಿ, ಅದರ ಒಂದೇ ಒಂದು ಅಪವರ್ತನವೂ ಇನ್ನೂ ಯಾರಿಗೂ ಸಿಕ್ಕಿಲ್ಲ. ಇನ್‌ಸ್ಟಾಲ್ ಮಾಡುವ ಮುನ್ನ ಒಮ್ಮೆ ನೋಡಬೇಕೆಂದರೆ ಬ್ರೌಸರ್‌ನಲ್ಲೇ ಓಡುವ ಆವೃತ್ತಿಯಿದೆ. 67ರಿಂದ ಶುರು ಮಾಡಿ.