ಅಂಟುವಾಳದ ರಸದಲ್ಲಿ ಒಗೆತ: ರೇಷ್ಮೆಗೆ ಸೈ, ಕಾಲರಿನ ಜಿಡ್ಡಿಗೆ ಸಾಲದು

ಗ್ರಂಧಿಗೆ ಅಂಗಡಿಯಲ್ಲಿ ಅಂಟುವಾಳ ಮೂರು ರೂಪದಲ್ಲಿ ಸಿಗುತ್ತದೆ: ಇಡೀ ಕಾಯಿ, ಬೀಜ ತೆಗೆದ ಸಿಪ್ಪೆ, ಪುಡಿ. ಬಟ್ಟೆ ಒಗೆಯಲು ಕೊಳ್ಳಬೇಕಾದದ್ದು ಸಿಪ್ಪೆ. ನೊರೆ ಕೊಡುವ ಸಪೋನಿನ್ ಇರುವುದು ಅದರಲ್ಲೇ. ಇಡೀ ಕಾಯಿ ಕೊಂಡರೆ ಕೆಲಸಕ್ಕೆ ಬಾರದ ಕರೀ ಬೀಜದ ತೂಕಕ್ಕೂ ದುಡ್ಡು ಕೊಟ್ಟಂತೆ. ಪುಡಿಯಂತೂ ಬೇಡವೇ ಬೇಡ. ಎಷ್ಟು ಸೋಸಿದರೂ ಬಿಳಿ ಬಟ್ಟೆಯ ಹೊಲಿಗೆಯಲ್ಲಿ ಕಂದು ಚೂರು ಉಳಿಯುತ್ತದೆ, ಬೀಜವನ್ನೂ ಸೇರಿಸಿ ಬೀಸಿದ್ದಾರೆಯೇ ಎಂದು ನೋಡಿ ಹೇಳಲಾಗದು. ನಮ್ಮ ಕಡೆಯ ಜಾತಿಯಲ್ಲಿ ಎರಡು ಮೂರು ಕಾಯಿ ಒಂದಕ್ಕೊಂದು ಕೂಡಿಕೊಂಡಿರುತ್ತವೆ. ಉತ್ತರದ ರೀಠಾ ಒಂಟಿ, ಗುಂಡನೆಯದು. ಎರಡೂ ಆದೀತು. ಬೂಷ್ಟು ಹಿಡಿದ ವಾಸನೆ ಬಂದರೆ ಮಾತ್ರ ಬಿಡಿ.

100 ಗ್ರಾಂ ಸಿಪ್ಪೆಯನ್ನು ಒಂದು ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ, ಬೆಳಿಗ್ಗೆ ಅದೇ ನೀರಿನಲ್ಲಿ ಸಣ್ಣ ಉರಿಯಲ್ಲಿ 20 ನಿಮಿಷ ಕುದಿಸಿ. ಪಾತ್ರೆ ಕನಿಷ್ಠ ಮೂರು ಲೀಟರಿನದಿರಲಿ, ಚಿಕ್ಕದಾದರೆ ಹಾಲಿನಂತೆ ಉಕ್ಕಿ ಒಲೆ ತುಂಬ ಚೆಲ್ಲುತ್ತದೆ. ಆರಿದ ಮೇಲೆ ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ. ಕಣ್ಣಿಗೆ ಹಾರಿದರೆ ವಿಪರೀತ ಉರಿ, ಮಕ್ಕಳನ್ನು ದೂರವಿಡಿ. ಹಿಂಡಿದ ಸಿಪ್ಪೆಗೆ ಅರ್ಧ ಲೀಟರ್ ನೀರು ಹಾಕಿ ಇನ್ನೊಮ್ಮೆ ಕುದಿಸಿದರೆ ತೆಳು ರಸ ಬರುತ್ತದೆ, ಒರೆಸುವ ಬಟ್ಟೆಗೆ ಸಾಕು.

ಈ ರಸದ ದೊಡ್ಡ ಕೊರತೆ ಬಾಳಿಕೆ. ಹೊರಗಿಟ್ಟರೆ ಎರಡು ಮೂರು ದಿನಕ್ಕೆ ಹುಳಿತು ನಾರುತ್ತದೆ, ಫ್ರಿಜ್ಜಿನಲ್ಲಿ ಒಂದು ವಾರ. ಐಸ್ ಟ್ರೇಯಲ್ಲಿ ಗಟ್ಟಿ ಮಾಡಿಟ್ಟುಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಬೇಕಾದಷ್ಟೇ ತೆಗೆದು ಬಿಸಿನೀರಿನಲ್ಲಿ ಕರಗಿಸಿಕೊಳ್ಳಬಹುದು.

15 ಲೀಟರಿನ ಬಕೆಟ್ಟಿಗೆ 50 ಮಿಲಿ, ಆರು ಕಿಲೋ ಬಟ್ಟೆಯ ಮಷೀನಿಗೆ 100 ಮಿಲಿ ಹಾಕಿ. ಬೆವರು, ಧೂಳು, ದಿನಬಳಕೆಯ ಹತ್ತಿ ಬಟ್ಟೆಗೆ ಇಷ್ಟು ಸಾಕು. ಸಿಪ್ಪೆಯನ್ನೇ ಚೀಲದಲ್ಲಿ ಕಟ್ಟಿ ಮಷೀನಿಗೆ ಹಾಕುವ ರೂಢಿಯೂ ಇದೆ, ಆದರೆ ತಣ್ಣೀರಿನ 15 ನಿಮಿಷದ ಒಗೆತದಲ್ಲಿ ಚೀಲದಿಂದ ಹೆಚ್ಚೇನೂ ಇಳಿಯುವುದಿಲ್ಲ.

ಎಣ್ಣೆ ಜಿಡ್ಡು, ಕಾಲರಿನ ಕೊಳೆಗೆ ರಸವೊಂದೇ ಸಾಲದು. ಮೊದಲು ಸೋಪು ತಿಕ್ಕಲೇಬೇಕು. ಹಾಲು, ಮೊಟ್ಟೆ, ರಕ್ತದ ಕಲೆಯನ್ನು ಕರಗಿಸುವ ಎನ್ಜೈಮ್ ಅಂಗಡಿಯ ಹಲವು ಡಿಟರ್ಜೆಂಟ್ ಪುಡಿಗಳಲ್ಲಿರುತ್ತದೆ, ಇದರಲ್ಲಿಲ್ಲ. ಬಿಳಿ ಅಂಗಿ ಕ್ರಮೇಣ ಮಂಕಾದಂತೆ ಕಾಣುವುದಕ್ಕೂ ಕಾರಣವಿದೆ: ಅಂಗಡಿಯ ಪುಡಿಯಲ್ಲಿ ಬಿಸಿಲಿಗೆ ನೀಲಿ ಹೊಳಪು ಕೊಡುವ ರಾಸಾಯನಿಕ ಇರುತ್ತದೆ, ಈ ರಸಕ್ಕಾದರೋ ತನ್ನದೇ ಕಂದು ಛಾಯೆ. ಬಿಳಿ ಸಮವಸ್ತ್ರಕ್ಕೆ ಇದನ್ನು ಬಳಸಬೇಡಿ.

ಬೋರ್‌ವೆಲ್ ಗಡಸು ನೀರಿನಲ್ಲಿ ಒಂದು ಅನುಕೂಲವಿದೆ. ಸೋಪು ತುರಿದು ಸೋಡಾ ಬೆರೆಸುವ ಮನೆಪುಡಿಯ ವಿಧಾನದಲ್ಲಿ, ನೀರಿನ ಕ್ಯಾಲ್ಸಿಯಂ ಸೋಪಿನ ಜೊತೆ ಸೇರಿ ಕರಗದ ಗಸಿಯಾಗುತ್ತದೆ; ಟವೆಲ್ ಬಿರುಸಾಗಿ, ಡ್ರಮ್ಮಿನ ಹಿಂದೆ ಬೂದು ಪದರ ಕಟ್ಟುವುದು ಇದರಿಂದಲೇ. ಸಪೋನಿನ್ ಹಾಗೆ ಗಸಿ ಕಟ್ಟುವುದಿಲ್ಲ. ಹತ್ತಿ ಬಟ್ಟೆಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾವನ್ನು ಬಿಸಿನೀರಿನಲ್ಲಿ ಕರಗಿಸಿ ಜೊತೆಗೆ ಹಾಕಿದರೆ ಕೊಳೆ ಇನ್ನೂ ಚೆನ್ನಾಗಿ ಬಿಡುತ್ತದೆ. ಅಡುಗೆ ಸೋಡಾ ಬೇರೆ, ಅದಕ್ಕೆ ಈ ಬಲವಿಲ್ಲ. ಸೋಡಾ ತಾಗಿ ಅರಿಶಿನದ ಕಲೆ ಕೆಂಪಾದರೆ ಗಾಬರಿ ಬೇಡ, ಬಿಸಿಲಿಗೆ ಹರವಿದರೆ ಮಾಸುತ್ತದೆ.

ಅಂಟುವಾಳಕ್ಕೆ ಪೂರ್ಣ ಅಂಕ ಕೊಡುವುದು ರೇಷ್ಮೆ, ಉಣ್ಣೆಯ ವಿಷಯದಲ್ಲಿ. ಇವು ಪ್ರೋಟೀನಿನ ಎಳೆಗಳು, ಕ್ಷಾರ ತಾಗಿದರೆ ಹೊಳಪು ಕಳೆದುಕೊಳ್ಳುತ್ತವೆ. ಅಂಟುವಾಳದ ರಸ ತುಸು ಆಮ್ಲೀಯ. ಸೋಡಾ ಕ್ಷಾರ, ಹಾಗಾಗಿ ಇಲ್ಲಿ ಅದನ್ನು ಸೇರಿಸಲೇಬಾರದು. ಸೀರೆಯ ಅಂಚನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ ಬಣ್ಣ ಬಿಡುವುದಿಲ್ಲ ಎಂದು ಖಚಿತವಾದ ಮೇಲೆ, 10 ಲೀಟರ್ ತಣ್ಣೀರಿಗೆ 40 ಮಿಲಿ ರಸ ಬೆರೆಸಿ ಐದು ನಿಮಿಷ ಅದ್ದಿ. ತಿಕ್ಕದೆ, ಹಿಂಡದೆ ಎರಡು ಸಲ ಜಾಲಿಸಿ, ನೆರಳಿನಲ್ಲಿ ಒಣಗಿಸಿ. ಡ್ರೈ ಕ್ಲೀನ್ ಎಂದೇ ಚೀಟಿಯಿರುವ ಸೀರೆಗೆ ಈ ಪ್ರಯೋಗ ಬೇಡ.

ಒಗೆದ ನೀರನ್ನು ಕೆರೆಗೋ ಮೀನಿರುವ ತೊಟ್ಟಿಗೋ ಸುರಿಯಬೇಡಿ. ಗಿಡಮೂಲದ್ದಾದರೂ ಸಪೋನಿನ್ ಮೀನಿಗೆ ವಿಷ.